ಒತ್ತಿದರೂ ತೆರೆಯದ ತಂತ್ರಾಂಶ

ವಾಲ್ವಿನ ರೇಡಿಯೋ ಮನೆಗೆ ಬರುತ್ತಿದ್ದ ಕಾಲದಲ್ಲಿ, ಹೊಸ ಪೆಟ್ಟಿಗೆ ಮಾತನಾಡದಿದ್ದರೆ ಮನೆಯವರು ಒಂದು ಕ್ರಮವನ್ನು ಅನುಸರಿಸುತ್ತಿದ್ದರು. ಮೊದಲು ಗೋಡೆಯ ಪ್ಲಗ್ಗು, ಅನಂತರ ಏರಿಯಲ್ ತಂತಿ, ಅನಂತರ ಮುಳ್ಳು ನಿಂತಿರುವ ಜಾಗ. ಹಿಂಬದಿಯ ಹಲಗೆಯನ್ನು ಬಿಚ್ಚಿ ವಾಲ್ವುಗಳನ್ನೆಲ್ಲ ಕಿತ್ತುಹಾಕೋಣವೆಂದು ಯಾರೂ ಮೊದಲಿಗೇ ಹೊರಡುತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ನಮಗೆ ಈ ತಾಳ್ಮೆ ಏಕೋ ಉಳಿಯುವುದಿಲ್ಲ. ಹೊಸ ತಂತ್ರಾಂಶವೊಂದನ್ನು ಹಾಕಿಕೊಂಡಿರುತ್ತೇವೆ. ಅದರ ಚಿತ್ರದ ಮೇಲೆ ಒತ್ತುತ್ತೇವೆ. ಪರದೆಯ ಮೇಲೆ ಏನೋ ಒಂದು ಗಳಿಗೆ ಸುತ್ತಿದಂತಾಗಿ ನಿಂತುಬಿಡುತ್ತದೆ. ಕಿಟಕಿ ತೆರೆಯುವುದಿಲ್ಲ, ತಪ್ಪು ಏನೆಂಬ ಮಾತೂ ಇಲ್ಲ. ಮತ್ತೆ ಒತ್ತುತ್ತೇವೆ, ತೆಗೆದುಹಾಕಿ ಮತ್ತೆ ಸೇರಿಸುತ್ತೇವೆ, ಕೊನೆಗೆ ಯಂತ್ರವನ್ನು ಹೊತ್ತು ಅಂಗಡಿಗೆ ನಡೆಯುತ್ತೇವೆ. ಅಲ್ಲಿ ಬಹುತೇಕ ಒಂದೇ ಔಷಧಿ: ‘ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡೋಣ.’

ಈ ಔಷಧಿಯಿಂದ ಎಷ್ಟು ನಷ್ಟವಾಗಬಹುದೆಂಬುದಕ್ಕೆ ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಆ ಮನೆಯ ಅಜ್ಜಿ ಹಾಡುತ್ತಿದ್ದ ಸೋಬಾನೆ, ಹಸೆಯ ಹಾಡುಗಳು 1980ರ ದಶಕದಲ್ಲಿ ಆರು ಕ್ಯಾಸೆಟ್ಟುಗಳಲ್ಲಿ ಮುದ್ರಣವಾಗಿದ್ದುವು. ಅಜ್ಜಿ ಈಗಿಲ್ಲ. ಮಲೆನಾಡಿನ ಮಳೆಗಾಲಗಳನ್ನು ಕಂಡ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದೆ. ಶಿವಮೊಗ್ಗದ ಗೋಪಾಳದಲ್ಲಿರುವ ಚಿಕ್ಕಪ್ಪ ಮೂರು ಕ್ಯಾಸೆಟ್ಟುಗಳನ್ನು ತಮ್ಮ ಕಂಪ್ಯೂಟರಿಗೆ ಇಳಿಸಿ, ಆ ಕಡತಗಳನ್ನು ಭದ್ರಾವತಿಯ ಯಂತ್ರಕ್ಕೆ ಸಾಗಿಸಿಕೊಟ್ಟರು. ಇಳಿಸಿದ ಮೇಲೆ ಒಂದು ಕ್ಯಾಸೆಟ್ಟಿನ ಪಟ್ಟಿ ತುಂಡಾಗಿಹೋಯಿತು. ಅದರಲ್ಲಿದ್ದ ಹಾಡು ಈಗ ಉಳಿದಿರುವುದು ಭದ್ರಾವತಿಯ ಆ ಯಂತ್ರದೊಳಗಿನ ಒಂದು ಕಡತದಲ್ಲಿ ಮಾತ್ರ. ‘ಎಲ್ಲ ಅಳಿಸಿಬಿಡೋಣ’ ಎಂಬ ಮಾತು ಇಂಥ ಮನೆಗೆ ಎಷ್ಟು ದುಬಾರಿಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯ ಯಂತ್ರ ನಡೆಯುವುದು ಲಿನಕ್ಸ್‌ನಿಂದ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಅನೇಕ ರೂಪಗಳಲ್ಲಿ ನಮ್ಮ ಕಡೆ ಹೆಚ್ಚು ಪರಿಚಿತವಾದದ್ದು 2004ರಲ್ಲಿ ಹೊರಬಂದ ಉಬುಂಟು. ಅವರಲ್ಲಿರುವುದು ಉಬುಂಟುವಿನ 22.04ನೆಯ ಆವೃತ್ತಿ. ಧ್ವನಿಮುದ್ರಣಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶವುಂಟು, ಉಬುಂಟು 22.04ರ ಸ್ವಂತ ಭಂಡಾರದಲ್ಲಿ ಸಿಕ್ಕುವುದು ಅದರ 2.4.2 ಆವೃತ್ತಿ. ಆದರೆ 2021ರಲ್ಲಿ ಬಂದ 3.0ರಿಂದೀಚೆಗೆ ಆಡಾಸಿಟಿ ತನ್ನ ಕೆಲಸವನ್ನು ಹೊಸ ಬಗೆಯ ಕಡತದಲ್ಲಿ ಉಳಿಸುತ್ತದೆ, ಹಳೆಯ ಆವೃತ್ತಿಗೆ ಅದನ್ನು ಓದಲು ಬಾರದು. ಚಿಕ್ಕಪ್ಪ ಬಳಸಿದ್ದು ಹೊಸದನ್ನು. ಹೀಗಾಗಿ ಅಜ್ಜಿಯ ಹಾಡು ಕೇಳಬೇಕಾದರೆ ಭದ್ರಾವತಿಯಲ್ಲೂ ಹೊಸ ಆಡಾಸಿಟಿ ಬೇಕಾಯಿತು. ಮೊಮ್ಮಗಳು ಅದನ್ನು ತಯಾರಕರ ತಾಣದಿಂದಲೇ ಇಳಿಸಿಕೊಂಡು ಒತ್ತಿದಳು. ಏನೂ ಆಗಲಿಲ್ಲ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತೆರೆಯದ ತಂತ್ರಾಂಶ ಸಾಮಾನ್ಯವಾಗಿ ಮೂಕವಾಗಿರುವುದಿಲ್ಲ. ಅದು ತನ್ನ ಅಡಚಣೆಯನ್ನು ಹೇಳುತ್ತಲೇ ಇರುತ್ತದೆ. ಹೇಳುವ ಕಡೆ ನಮ್ಮ ಕಿವಿ ಇರುವುದಿಲ್ಲ, ಅಷ್ಟೆ.

ಲಿನಕ್ಸ್ ತನ್ನ ನಡೆನುಡಿಯನ್ನು ಕಲಿತದ್ದು ಯೂನಿಕ್ಸ್ ಎಂಬ ಹಿರಿಯ ವ್ಯವಸ್ಥೆಯಿಂದ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಯೂನಿಕ್ಸ್ ಬೆಳೆಯುತ್ತಿದ್ದ 1970ರ ದಶಕದಲ್ಲಿ, ಅಚ್ಚಿನ ಮೊಳೆ ಜೋಡಿಸುವ ಕೆಲಸವನ್ನು ಬೆಳಕಿನಿಂದ ಮಾಡುವ ಯಂತ್ರವೊಂದಿತ್ತು. ಕ್ರಮವಿಧಿಯಲ್ಲಿ ಏನಾದರೂ ತಪ್ಪಾದಾಗ ‘ತಪ್ಪಾಗಿದೆ’ ಎಂಬ ಸಂದೇಶ ಪರದೆಗೆ ಬರುವುದರ ಬದಲು ಆ ಯಂತ್ರಕ್ಕೇ ಹೋಗಿ, ಅಂದವಾಗಿ ಅಚ್ಚಾಗಿ ಹೊರಬರುತ್ತಿತ್ತು! ಬೆಲೆಬಾಳುವ ಹಾಳೆಯ ಮೇಲೆ ಒಂದೇ ಸಾಲು, ಅದೂ ದೂರಿನ ಸಾಲು. ಇದರಿಂದ ಬೇಸತ್ತವರು ಕ್ರಮವಿಧಿಗಳಿಗೆ ಎರಡು ಬಾಯಿಗಳನ್ನು ಕೊಟ್ಟರು: ಕೆಲಸದ ಫಲಿತಾಂಶಕ್ಕೆ ಒಂದು, ತಪ್ಪು ಒಪ್ಪುಗಳ ವರದಿಗೆ ಇನ್ನೊಂದು. ಇಂದಿಗೂ ಇದೇ ಏರ್ಪಾಡು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ಹಿಂದೆ 675 ಕಿಲೋಹರ್ಟ್ಸಿನಲ್ಲಿ ಕೇಳುತ್ತಿದ್ದವರಿಗೆ ಇದು ಸುಲಭವಾಗಿ ಅರ್ಥವಾದೀತು. ಮುಳ್ಳು ಬೇರೆಲ್ಲೋ ಇದ್ದರೆ ನಿಲಯ ಮಾತನಾಡುತ್ತಿಲ್ಲವೆಂದು ಅರ್ಥವಲ್ಲವಷ್ಟೆ. ಚಿತ್ರದ ಮೇಲೆ ಒತ್ತಿ ತಂತ್ರಾಂಶವನ್ನು ಎಬ್ಬಿಸಿದಾಗ ಆ ಎರಡನೆಯ ಬಾಯಿಯ ಮಾತು ಪರದೆಗೆ ಬರುವುದಿಲ್ಲ. ವ್ಯವಸ್ಥೆಯ ದಿನಚರಿಯೊಳಗೆ ಹೋಗಿ ಸೇರಿಕೊಳ್ಳುತ್ತದೆ.

ಆದ್ದರಿಂದ ಮುಳ್ಳನ್ನು ಅತ್ತ ತಿರುಗಿಸಿ. ಕಂಟ್ರೋಲ್, ಆಲ್ಟ್ ಕೀಲಿಗಳ ಜೊತೆಗೆ ಟಿ ಅಕ್ಷರವನ್ನು ಒತ್ತಿದರೆ ಉಬುಂಟುವಿನಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆಯುತ್ತದೆ. ಇದನ್ನು ಕಂಡು ಹೆದರುವ ಅಗತ್ಯವಿಲ್ಲ. ಅದು ನೀವು ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ. ಭಂಡಾರದಿಂದ ಹಾಕಿದ ತಂತ್ರಾಂಶವಾದರೆ ಅದರ ಹೆಸರನ್ನು ಸಣ್ಣಕ್ಷರಗಳಲ್ಲಿ ಒತ್ತಿ ಎಂಟರ್ ಕೊಡಿ. ತಾಣದಿಂದ ಇಳಿಸಿಕೊಂಡ ಕಡತವಾದರೆ ಅದನ್ನು ಇಲಿಯಿಂದ ಎಳೆದು ತಂದು ಈ ಕಿಟಕಿಯೊಳಗೆ ಬಿಡಿ. ಅದರ ಪೂರ್ತಿ ವಿಳಾಸ ತಾನೇ ಮೂಡುತ್ತದೆ. ಎಳೆಯದೆ ಕೈಯಿಂದಲೇ ಬರೆಯುವವರು ಒಂದು ಸಂಗತಿ ನೆನಪಿಡಬೇಕು: ಲಿನಕ್ಸ್ ತಾನು ನಿಂತ ಜಾಗದಲ್ಲಿ ತಾನಾಗಿ ಹುಡುಕುವುದಿಲ್ಲ. ಕಡತ ಎದುರಿಗೇ ಇದ್ದರೂ ಹೆಸರಿನ ಹಿಂದೆ ಒಂದು ಚುಕ್ಕೆ, ಒಂದು ಓರೆಗೆರೆ ಹಾಕಿ ‘ಇಲ್ಲೇ ಇರುವುದು’ ಎಂದು ಹೇಳಬೇಕು. ಹೇಳದಿದ್ದರೆ ‘ಕಮ್ಯಾಂಡ್ ನಾಟ್ ಫೌಂಡ್’, ಅಂಥ ಆಜ್ಞೆ ಕಾಣಲಿಲ್ಲ, ಎನ್ನುತ್ತದೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚುಮಾಡಿದ್ದರೂ ಕೀಲಿಮಣೆಯಲ್ಲಿ ಒತ್ತಬೇಕಾದದ್ದು ಇಂಗ್ಲಿಷ್ ಅಕ್ಷರಗಳನ್ನು.)

ಮೊಮ್ಮಗಳು ಹೀಗೆ ಮಾಡಿದಾಗ ಮೊದಲು ಬಂದದ್ದು ‘ಪರ್ಮಿಷನ್ ಡಿನೈಡ್’, ಅನುಮತಿ ಇಲ್ಲ, ಎಂಬ ಉತ್ತರ. ಹೊರಗಿನಿಂದ ಬಂದ ಕಡತವನ್ನು ಓಡಿಸುವ ಹಕ್ಕು ಲಿನಕ್ಸ್‌ನಲ್ಲಿ ತಾನಾಗಿ ಸಿಗುವುದಿಲ್ಲ; ಮನೆಗೆ ಬಂದ ಅಪರಿಚಿತನನ್ನು ಜಗಲಿಯಲ್ಲಿ ಕೂರಿಸಿದಂತೆ. ಕಡತದ ಮೇಲೆ ಬಲಗುಂಡಿ ಒತ್ತಿ, ಗುಣಲಕ್ಷಣಗಳ ಪುಟದಲ್ಲಿ ಕ್ರಮವಿಧಿಯಾಗಿ ಓಡಲು ಅನುಮತಿ ಕೊಡಬೇಕು. ಟರ್ಮಿನಲ್ಲಿನಲ್ಲಾದರೆ ಸಿ-ಎಚ್-ಎಂ-ಓ-ಡಿ ಎಂದು ಒತ್ತಿ, ಜಾಗ ಬಿಟ್ಟು ಕೂಡಿಸುವ ಚಿಹ್ನೆ ಮತ್ತು ಎಕ್ಸ್, ಮತ್ತೆ ಜಾಗ ಬಿಟ್ಟು ಕಡತದ ಹೆಸರು.

ಅನುಮತಿ ಕೊಟ್ಟ ಮೇಲೂ ತೆರೆಯಲಿಲ್ಲ. ಆದರೆ ಈ ಸಲ ಉತ್ತರ ಬದಲಾಯಿತು. ಉತ್ತರ ಬದಲಾಗುವುದೆಂದರೆ ಒಂದು ಬಾಗಿಲು ದಾಟಿದೆವೆಂದೇ ಲೆಕ್ಕ. ‘ಲಿಬ್‌ಫ್ಯೂಸ್ 2 ಸಿಗಲಿಲ್ಲ, ಆಪ್‌ಇಮೇಜ್‌ಗಳು ಓಡಲು ಫ್ಯೂಸ್ ಬೇಕು’ ಎಂಬುದು ಅದರ ಸಾರ. ಮೀಟರ್ ಬೋರ್ಡಿನ ಫ್ಯೂಸ್ ನೋಡಲು ಓಡಬೇಡಿ! ಆಪ್‌ಇಮೇಜ್ ಎಂದರೆ ತಂತ್ರಾಂಶವನ್ನೂ ಅದಕ್ಕೆ ಬೇಕಾದ ಬಹುಪಾಲು ಸಾಮಗ್ರಿಯನ್ನೂ ಒತ್ತಿ ತುಂಬಿದ ಒಂದೇ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಬಿಚ್ಚಿ ಹರಡದೆ, ಬೀರುವಿನಂತೆ ಬಾಗಿಲು ತೆರೆದು ಒಳಗಿನದನ್ನು ಬಳಸಲು ಸಹಾಯಮಾಡುವ ಸಲಕರಣೆಯೇ ಈ ಫ್ಯೂಸ್. ಅನೇಕ ಆಪ್‌ಇಮೇಜ್‌ಗಳು ಕೇಳುವುದು ಅದರ ಎರಡನೆಯ ಆವೃತ್ತಿಯನ್ನು. 2022ರ ಏಪ್ರಿಲ್‌ನಲ್ಲಿ ಬಂದ ಉಬುಂಟು 22.04 ಅದನ್ನು ಬಿಟ್ಟು ಮೂರನೆಯದನ್ನು ಇಟ್ಟುಕೊಂಡಿತು. ತಂತ್ರಾಂಶವೂ ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ. ಬೀಗ ಹೊಸದು, ಕೈಯಲ್ಲಿರುವ ಕೀಲಿ ಹಳೆಯದು. ತೆಗೆದು ಮತ್ತೆ ಸೇರಿಸಿದರೆ ಇದು ನೂರು ಸಲಕ್ಕೂ ಸರಿಹೋಗದು.

ಪರಿಹಾರ ಒಂದು ಸಾಲಿನದು: ‘ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಫ್ಯೂಸ್2’. ಉಬುಂಟು 24.04 ಇರುವವರು ಆ ಕೊನೆಯ ಹೆಸರಿಗೆ ಟಿ ಅಕ್ಷರವನ್ನೂ 64 ಎಂಬ ಅಂಕಿಯನ್ನೂ ಸೇರಿಸಬೇಕು. ಈ ಬಾಲದ ಹಿಂದೆ ಒಂದು ಸ್ವಾರಸ್ಯವಿದೆ. ಕಾಲವನ್ನು 32 ಬಿಟ್ಟುಗಳಲ್ಲಿ ಎಣಿಸುವ ಯಂತ್ರಗಳ ಲೆಕ್ಕ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಅದಕ್ಕೆ ಮುಂಚೆಯೇ 64 ಬಿಟ್ಟುಗಳಿಗೆ ಬದಲಾಯಿಸಿಕೊಳ್ಳುವಾಗ ಅನೇಕ ಪ್ಯಾಕೇಜುಗಳ ಹೆಸರಿಗೆ ಹೀಗೆ ಬಾಲ ಬಂತು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಂದೇಶದಲ್ಲಿ ಫ್ಯೂಸ್ ಎಂದಿದೆಯಲ್ಲ ಎಂದು ಬರಿಯ ‘ಫ್ಯೂಸ್’ ಎಂಬ ಹೆಸರಿನ ಪ್ಯಾಕೇಜನ್ನು ಹಾಕಲು ಹೋಗಬೇಡಿ. 22.04ರಿಂದೀಚೆಗೆ ಅದು ಮೂರನೆಯ ಆವೃತ್ತಿಯೊಡನೆ ಜಗಳವಾಡಿ, ಡೆಸ್ಕ್‌ಟಾಪಿಗೆ ಬೇಕಾದ ಭಾಗಗಳನ್ನೇ ಹೊರಹಾಕಬಹುದು. ಲಿಬ್ ಎಂಬ ಮೂರು ಅಕ್ಷರಗಳ ವ್ಯತ್ಯಾಸ, ಆದರೆ ಪರಿಣಾಮ ಅಜಗಜಾಂತರ. ಸಾಮಾನ್ಯವಾಗಿಯೂ ಅಷ್ಟೆ: ಆಪ್ಟ್ ಯಾವುದೇ ಕೆಲಸಕ್ಕೆ ಮುಂಚೆ ಏನನ್ನು ಸೇರಿಸುತ್ತೇನೆ, ಏನನ್ನು ತೆಗೆಯುತ್ತೇನೆ ಎಂದು ಪಟ್ಟಿ ಕೊಡುತ್ತದೆ. ತೆಗೆಯುವ ಪಟ್ಟಿ ಉದ್ದವಾಗಿ ಕಂಡರೆ ‘ಎನ್’ ಒತ್ತಿ ಹಿಂದೆ ಬನ್ನಿ. ನನ್ನ ಅಭಿಪ್ರಾಯದಲ್ಲಿ ಲಿನಕ್ಸ್ ಕಲಿಯುವವರಿಗೆ ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಈ ಪಟ್ಟಿಯನ್ನು ಓದುವ ಅಭ್ಯಾಸ.

ಪೆಟ್ಟಿಗೆಯ ರೂಪದಲ್ಲಲ್ಲದೆ ಬರುವ ತಂತ್ರಾಂಶಗಳದ್ದು ಇನ್ನೊಂದು ಬಗೆಯ ಕೊರತೆ. ಭದ್ರಾವತಿಯವರಿಗೆ ಇದನ್ನು ಅವರ ಊರಿನ ಉದಾಹರಣೆಯಿಂದಲೇ ಹೇಳಬಹುದು. ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ, ಇದ್ದಲು ಮಲೆನಾಡಿನ ಕಾಡುಗಳ ಸೌದೆಯಿಂದ. ಕುಲುಮೆ ಎಷ್ಟೇ ಭದ್ರವಾಗಿ ಕಟ್ಟಿ ನಿಂತಿದ್ದರೂ ಇವೆರಡರಲ್ಲಿ ಒಂದು ಬಾರದಿದ್ದರೆ ಕಬ್ಬಿಣ ಹರಿಯುವುದಿಲ್ಲ. ಲಿನಕ್ಸ್‌ನ ತಂತ್ರಾಂಶವೂ ಹೀಗೆಯೇ. ಅಕ್ಷರ ಮೂಡಿಸುವುದು, ಧ್ವನಿ ಹೊರಡಿಸುವುದು, ಚಿತ್ರ ಬಿಡಿಸುವುದು ಮುಂತಾದ ಕೆಲಸಗಳಿಗೆ ಅದು ತನ್ನದೇ ಸರಂಜಾಮನ್ನು ಹೊತ್ತು ತರುವುದಿಲ್ಲ. ಎಲ್ಲ ತಂತ್ರಾಂಶಗಳಿಗೂ ಸೇರಿದ ಸಾಮಾನ್ಯ ಉಗ್ರಾಣದಿಂದ ತೆಗೆದುಕೊಳ್ಳುತ್ತದೆ. ಉಗ್ರಾಣದ ಈ ಸಾಮಾನುಗಳಿಗೆ ಲೈಬ್ರರಿ ಎಂದು ಹೆಸರು. ಒಂದು ಲೈಬ್ರರಿ ಇಲ್ಲದಿದ್ದರೂ ತಂತ್ರಾಂಶ ಹೊಸಲಲ್ಲೇ ನಿಲ್ಲುತ್ತದೆ. ‘ಎರರ್ ವೈಲ್ ಲೋಡಿಂಗ್ ಷೇರ್ಡ್ ಲೈಬ್ರರೀಸ್’ ಎಂದು ಹೇಳಿ, ಸಿಗದ ಸಾಮಾನಿನ ಹೆಸರನ್ನೂ ಹೇಳುತ್ತದೆ. ಎಲ್, ಡಿ, ಡಿ ಎಂಬ ಮೂರಕ್ಷರದ ಆಜ್ಞೆಗೆ ತಂತ್ರಾಂಶದ ವಿಳಾಸ ಕೊಟ್ಟರೆ ಅದಕ್ಕೆ ಬೇಕಾದ ಎಲ್ಲ ಲೈಬ್ರರಿಗಳ ಪಟ್ಟಿ ಬರುತ್ತದೆ. ‘ನಾಟ್ ಫೌಂಡ್’ ಎಂದಿರುವ ಸಾಲುಗಳನ್ನು ಮಾತ್ರ ನೋಡಿದರೆ ಸಾಕು. ನಂಬಿಕೆಯಿಲ್ಲದ ತಂತ್ರಾಂಶದ ಮೇಲೆ ಮಾತ್ರ ಈ ಪರೀಕ್ಷೆಯನ್ನು ಮಾಡಬೇಡಿ. ಪರೀಕ್ಷಿಸುವಾಗಲೇ ಅದು ಓಡುವ ಸಂಭವವಿದೆ.

ಈ ಕೊರತೆ ಹುಟ್ಟುವುದು ಹೆಚ್ಚಾಗಿ ಡೆಬ್ ಎಂಬ ಬಾಲದ ಪ್ಯಾಕೇಜುಗಳನ್ನು ಡಿ-ಪಿ-ಕೆ-ಜಿ ಆಜ್ಞೆಯಿಂದ ಹಾಕಿದಾಗ. ಆ ಆಜ್ಞೆ ಕೈಗೆ ಕೊಟ್ಟದ್ದನ್ನು ಮಾತ್ರ ಇಡುತ್ತದೆ, ಜೊತೆಗೆ ಬೇಕಾದ್ದನ್ನು ತರಿಸುವುದಿಲ್ಲ. ಅದೇ ಕಡತವನ್ನು ಆಪ್ಟ್ ಮೂಲಕ ಹಾಕಿದರೆ, ಹೆಸರಿನ ಹಿಂದೆ ಚುಕ್ಕೆ ಓರೆಗೆರೆ ಮರೆಯದಿದ್ದರೆ, ಅದು ಬೇಕಾದ್ದನ್ನೆಲ್ಲ ಭಂಡಾರದಿಂದ ತಾನೇ ತರುತ್ತದೆ. ಇತ್ತೀಚಿನ ಒಂದು ಉದಾಹರಣೆ: 2023ರಲ್ಲಿ ಹೊರಬಂದ ಕ್ಯೂಟಿ 6.5ನ್ನು ಆಧರಿಸಿದ ತಂತ್ರಾಂಶಗಳಿಗೆ ಎಕ್ಸ್-ಸಿ-ಬಿ ಕರ್ಸರ್ ಎಂಬ ಸಣ್ಣ ಲೈಬ್ರರಿಯೊಂದು ಹೊಸದಾಗಿ ಬೇಕಾಯಿತು. ಅದಿಲ್ಲದೆ ಎಷ್ಟೋ ದೊಡ್ಡ ತಂತ್ರಾಂಶಗಳು ಕಿಟಕಿಯನ್ನೇ ತೆರೆಯದೆ ಕುಳಿತುವು. ಮೌಸಿನ ಬಾಣವನ್ನು ಬಿಡಿಸುವಷ್ಟು ಸಣ್ಣ ಕೆಲಸದ ಲೈಬ್ರರಿ ಅದು! ಕಾಣೆಯಾದ ಲೈಬ್ರರಿಯ ಬಿಡಿ ಕಡತವನ್ನು ಅಪರಿಚಿತ ತಾಣಗಳಿಂದ ತಂದು ಹಾಕುವವರೂ ಇದ್ದಾರೆ. ಅದು ಬೇಡ. ನಿಮ್ಮ ವ್ಯವಸ್ಥೆಯ ಭಂಡಾರದಲ್ಲಿ ಅದನ್ನು ಒಳಗೊಂಡ ಪ್ಯಾಕೇಜು ಯಾವುದೆಂದು ಹುಡುಕಿ ಅದನ್ನೇ ಹಾಕಿರಿ.

ಇನ್ನು ಕೆಲವು ಕಡತಗಳು ಏನು ಮಾಡಿದರೂ ಓಡಲಾರವು, ಏಕೆಂದರೆ ಅವು ನಿಮ್ಮ ಯಂತ್ರಕ್ಕಾಗಿ ಮಾಡಿದವೇ ಅಲ್ಲ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಹಳಿ ಮೀಟರ್ ಗೇಜ್ ಆಗಿದ್ದ ದಿನಗಳಲ್ಲಿ ಬ್ರಾಡ್ ಗೇಜಿನ ಎಂಜಿನ್ ಅಲ್ಲಿಗೆ ಹೋಗುವಂತಿರಲಿಲ್ಲ. ಎಂಜಿನ್ ಎಷ್ಟೇ ಬಲವಾದದ್ದಾಗಲಿ, ಹಳಿಯ ಅಗಲ ಬೇರೆ. ಯು-ಎನ್-ಎ-ಎಂ-ಇ ಎಂದು ಒತ್ತಿ, ಜಾಗ ಬಿಟ್ಟು ಅಡ್ಡಗೆರೆ ಮತ್ತು ಎಂ ಅಕ್ಷರ ಒತ್ತಿದರೆ ನಿಮ್ಮ ಯಂತ್ರದ ‘ಗೇಜು’ ತಿಳಿಯುತ್ತದೆ. ಬೇರೆ ಜಾತಿಯ ಯಂತ್ರಕ್ಕೆ ಮಾಡಿದ ಕಡತವಾದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬರುವುದುಂಟು. ಹಳೆಯ 32 ಬಿಟ್ಟಿನ ಕಡತವಾದರೆ ಇನ್ನೂ ವಿಚಿತ್ರ: ಕಡತ ಕಣ್ಣೆದುರಿಗಿದ್ದರೂ ‘ಅಂಥ ಕಡತವೇ ಇಲ್ಲ’ ಎನ್ನುತ್ತದೆ. ಇಲ್ಲವೆನ್ನುತ್ತಿರುವುದು ಆ ಕಡತವನ್ನಲ್ಲ, ಅದನ್ನು ಎತ್ತಿ ಓಡಿಸಬೇಕಾದ 32 ಬಿಟ್ಟಿನ ಸಹಾಯಕನನ್ನು. ಇಷ್ಟು ದಾರಿ ತಪ್ಪಿಸುವ ಸಂದೇಶ ಲಿನಕ್ಸ್‌ನಲ್ಲಿ ಮತ್ತೊಂದಿಲ್ಲ.

ಕನ್ನಡದ ಮನೆಗಳಲ್ಲಿ ಈ ಗೇಜಿನ ತೊಡಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ‘ನುಡಿ’ಯ ರೂಪದಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯನ್ನು ಕಚೇರಿಗಳಲ್ಲಿ ಬಳಸಿ ರೂಢಿಯಾದವರು, ಮನೆಯ ಲಿನಕ್ಸ್ ಯಂತ್ರಕ್ಕೂ ಅದರ ವಿಂಡೋಸ್ ಕಡತವನ್ನೇ ಇಳಿಸಿ ಒತ್ತುತ್ತಾರೆ. ತೆರೆಯುವುದಿಲ್ಲ, ತೆರೆಯಬೇಕಾಗಿಯೂ ಇಲ್ಲ. ನುಡಿಯಲ್ಲಿ ಬೆರಳುಗಳು ಕಲಿತ ಆ ಕಗಪ ವಿನ್ಯಾಸ ಉಬುಂಟುವಿನ ಒಳಗೆ ಮೊದಲಿನಿಂದಲೂ ಕುಳಿತಿದೆ. ಸೆಟ್ಟಿಂಗ್ಸ್‌ನಲ್ಲಿ ಕೀಲಿಮಣೆಯ ಪುಟಕ್ಕೆ ಹೋಗಿ, ಕನ್ನಡ ವಿನ್ಯಾಸಗಳಲ್ಲಿ ‘ಕಗಪ’ ಎಂದಿರುವುದನ್ನು ಸೇರಿಸಿಕೊಂಡರೆ ಯಾವ ತಂತ್ರಾಂಶವನ್ನೂ ಹಾಕದೆ ಕನ್ನಡ ಬರೆಯಬಹುದು.

ಮೊಮ್ಮಗಳ ವಿಷಯಕ್ಕೆ ಬರೋಣ. ಆಡಾಸಿಟಿ ತೆರೆಯದೆ ಇದ್ದಾಗ ಬಂಧುವೊಬ್ಬರು ಫೋನಿನಲ್ಲಿ ‘ಹಿಂದೆ ಸುಡೋ ಸೇರಿಸಿ ನೋಡಮ್ಮ’ ಎಂದು ಹೇಳಿದರೆನ್ನಿ. ಈ ಸಲಹೆ ಬಹಳ ಪ್ರಚಾರದಲ್ಲಿದೆ, ಮತ್ತು ಬಹಳ ಕೆಟ್ಟದ್ದು. ಸುಡೋ ಎಂದರೆ ಯಜಮಾನನ ಅಧಿಕಾರದಿಂದ ಓಡಿಸುವುದು. ಹೀಗೆ ಓಡಿಸಿದ ತಂತ್ರಾಂಶ ನಿಮ್ಮ ಮನೆಯ ಕಪಾಟಿನಲ್ಲಿ ತನ್ನ ಟಿಪ್ಪಣಿಗಳನ್ನು ಯಜಮಾನನ ಹೆಸರಿನಲ್ಲಿ ಬೀಗ ಹಾಕಿ ಇಟ್ಟುಹೋಗಬಹುದು. ಮರುದಿನ ನೀವು ಸಾಮಾನ್ಯವಾಗಿ ತೆರೆದರೆ ಅದಕ್ಕೆ ತನ್ನ ಟಿಪ್ಪಣಿಗಳನ್ನೇ ಮುಟ್ಟಲು ಅಧಿಕಾರವಿರುವುದಿಲ್ಲ. ಮೊದಲು ಒಂದು ತೊಂದರೆ ಇತ್ತು, ಈಗ ಎರಡಾದುವು. ತಂತ್ರಾಂಶವನ್ನು ಹಾಕುವುದಕ್ಕೆ ಸುಡೋ ಬೇಕು. ಹಾಕಿದ ತಂತ್ರಾಂಶವನ್ನು ತೆರೆಯುವುದಕ್ಕೆ ಸಾಧಾರಣವಾಗಿ ಬೇಡ. ಉಬುಂಟು 24.04ರಲ್ಲಿ ಕೆಲವು ಆಪ್‌ಇಮೇಜ್‌ಗಳು ‘ಸ್ಯಾಂಡ್‌ಬಾಕ್ಸ್’ ಎಂಬ ದೂರು ಹೇಳಿ ನಿಲ್ಲುವುದೂ ಉಂಟು. ಭದ್ರತೆಯ ನಿಯಮವೊಂದನ್ನು ಆ ಆವೃತ್ತಿ ಬಿಗಿಮಾಡಿದ್ದರ ಫಲ ಅದು. ಆ ಕಾವಲನ್ನೇ ತೆಗೆದುಹಾಕಿ ಓಡಿಸುವ ಉಪಾಯವನ್ನು ಅನೇಕರು ಹೇಳಿಕೊಡುತ್ತಾರೆ. ಗುರುತು ಪರಿಚಯವಿಲ್ಲದ ತಂತ್ರಾಂಶಕ್ಕೆ ಹಾಗೆ ಮಾಡುವುದು ನನಗೆ ಒಪ್ಪಿಗೆಯಲ್ಲ.

ಫ್ಲಾಟ್‌ಪ್ಯಾಕ್ ಎಂಬ ಬಗೆಯನ್ನು ಮೊದಲ ಬಾರಿ ಹಾಕಿದವರಿಗೆ ತಂತ್ರಾಂಶದ ಚಿತ್ರವೇ ಕಾಣದಿರುವುದುಂಟು. ಒಮ್ಮೆ ಹೊರಬಂದು ಮತ್ತೆ ಲಾಗಿನ್ ಆದರೆ ಕಾಣುತ್ತದೆ. ಸ್ನ್ಯಾಪ್ ಎಂಬ ಬಗೆಯದು ಮೊದಲ ಸಲ ತೆರೆಯುವಾಗ ತಡಮಾಡುತ್ತದೆ, ಸ್ವಲ್ಪ ಕಾಯಿರಿ.

ಧ್ವನಿಯ ಕೆಲಸ ಮಾಡುವವರು ನೋಡಬೇಕಾದ ಇನ್ನೊಂದು ಅಂಶ ಡಿಸ್ಕಿನಲ್ಲಿರುವ ಜಾಗ. ಸೆಕೆಂಡಿಗೆ 44,100 ಸಲ, ಎರಡು ಚಾನೆಲ್ಲುಗಳಲ್ಲಿ, ಒಂದೊಂದು ಅಳತೆಗೆ 32 ಬಿಟ್ಟಿನಂತೆ ಮುದ್ರಿಸಿದರೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 1,270 ಮೆಗಾಬೈಟ್ ಬೇಕು. ಆರು ಕ್ಯಾಸೆಟ್ಟಿಗೆ ಏಳೂವರೆ ಗಿಗಾಬೈಟ್ ಮೀರುತ್ತದೆ. ಕತ್ತರಿಸಿ ತಿದ್ದುವಾಗ ಇನ್ನೂ ಹೆಚ್ಚು. ಡಿಸ್ಕು ಪೂರ್ತಿ ತುಂಬಿದರೆ ಹೊಸ ತಂತ್ರಾಂಶವಿರಲಿ, ಹಳೆಯವೂ ತೆರೆಯಲು ಒಲ್ಲೆ ಎನ್ನುತ್ತವೆ. ಡಿ, ಎಫ್ ಎಂಬ ಎರಡಕ್ಷರದ ಆಜ್ಞೆಯ ಮುಂದೆ ಅಡ್ಡಗೆರೆ ಮತ್ತು ಎಚ್ ಸೇರಿಸಿದರೆ ಉಳಿದ ಜಾಗ ಎಷ್ಟೆಂದು ತಿಳಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ತಿಳಿದವರನ್ನು ಕೇಳಬೇಕಾಗಿ ಬಂದರೆ ‘ಓಪನ್ ಆಗ್ತಿಲ್ಲ’ ಎಂದಷ್ಟೇ ಹೇಳಬೇಡಿ. ಡಾಕ್ಟರ ಬಳಿ ‘ಹುಷಾರಿಲ್ಲ’ ಎಂದು ಮಾತ್ರ ಹೇಳಿ ಸುಮ್ಮನಾದಂತೆ ಅದು. ಟರ್ಮಿನಲ್ಲಿನಲ್ಲಿ ಬಂದ ಸಾಲುಗಳನ್ನು ಮಾರ್ಪಡಿಸದೆ ಹಾಗೆಯೇ ನಕಲು ಮಾಡಿಕೊಳ್ಳಿ. ಮೊದಲ ದೂರಿನ ಸಾಲು ಮುಖ್ಯ; ಕೆಳಗಿನವು ಎಷ್ಟೋ ಸಲ ಅದರ ಮರಿಗಳು. ಉಬುಂಟುವಿನ ಯಾವ ಆವೃತ್ತಿ, ತಂತ್ರಾಂಶವನ್ನು ಎಲ್ಲಿಂದ ತಂದಿರಿ, ಯಾವ ರೂಪದ್ದು ಎಂಬುದನ್ನೂ ಬರೆದುಕೊಳ್ಳಿ. ಡೆಸ್ಕ್‌ಟಾಪನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಕೆಲವು ಸಂದೇಶಗಳು ಕನ್ನಡದಲ್ಲೇ ಬರುತ್ತವೆ. ಓದಲು ಅದು ಹಿತವೇ. ಆದರೆ ಅದೇ ತೊಂದರೆಯನ್ನು ಬೇರೆ ದೇಶದವರು ಹೇಗೆ ಬಿಡಿಸಿಕೊಂಡರೆಂದು ಹುಡುಕುವಾಗ ಇಂಗ್ಲಿಷಿನ ಸಾಲೇ ಬೇಕಾಗುತ್ತದೆ. ಆಜ್ಞೆಯ ಹಿಂದೆ ಎಲ್-ಸಿ, ಕೆಳಗೆರೆ, ಎ-ಎಲ್-ಎಲ್, ಸಮ ಚಿಹ್ನೆ, ಸಿ ಎಂಬುದನ್ನು ಜಾಗವಿಲ್ಲದೆ, ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಒತ್ತಿ, ಅನಂತರ ಜಾಗ ಬಿಟ್ಟು ಆಜ್ಞೆಯನ್ನು ಬರೆದರೆ ಆ ಒಂದು ಸಲಕ್ಕೆ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ.

ಅಂಗಡಿಗೇ ಕೊಂಡೊಯ್ಯುವುದಾದರೆ ಹೊರಡುವ ಮೊದಲು ‘ಹೋಮ್’ ಎಂಬ ಕಡತಕೋಶವನ್ನು ಒಂದು ಹೊರಗಿನ ಡಿಸ್ಕಿಗೆ ಪೂರ್ತಿಯಾಗಿ ನಕಲು ಮಾಡಿ, ಆ ಡಿಸ್ಕನ್ನು ಮನೆಯಲ್ಲೇ ಬಿಟ್ಟುಹೋಗಿರಿ. ನಕಲಾದ ಕಡತಗಳಲ್ಲಿ ಒಂದೆರಡನ್ನು ಆ ಡಿಸ್ಕಿನಿಂದಲೇ ತೆರೆದು ನೋಡಿ. ಭದ್ರಾವತಿಯ ಆ ಮನೆಯವರಿಗೆ ಅಂಗಡಿಯ ಅಗತ್ಯ ಬೀಳಲಾರದು. ಲಿಬ್‌ಫ್ಯೂಸ್ ಹಾಕಿದ ಮೇಲೆ ಅವರ ಆಡಾಸಿಟಿ ತೆರೆದುಕೊಳ್ಳುತ್ತದೆ. ಆದರೂ ಅಜ್ಜಿಯ ಆ ಹಾಡನ್ನು ಆಡಾಸಿಟಿಯ ಕಡತವಾಗಿ ಮಾತ್ರ ಇಡದೆ, ಎಕ್ಸ್‌ಪೋರ್ಟ್ ಎಂಬಲ್ಲಿ ಹೋಗಿ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲೂ ಒಂದು ಪ್ರತಿ ತೆಗೆದು ಗೋಪಾಳದ ಚಿಕ್ಕಪ್ಪನಿಗೆ ಕಳಿಸಬೇಕು. ಆ ರೂಪಗಳನ್ನು ಓದಲು ಆಡಾಸಿಟಿಯೇ ಬೇಕೆಂದಿಲ್ಲ.